18 ಕೈಗಳ ಮುಂದೆ ಸ್ಕೆಚ್ ಪುಸ್ತಕ ಹಿಡಿದು

ಬಾದಾಮಿಯ ಮೊದಲನೇ ಗುಹೆಯ ಹೊರಗೆ, ಬಲಗಡೆಯ ಬಂಡೆಯಲ್ಲಿ, 18 ಕೈಗಳ ಶಿವ ಕುಣಿಯುತ್ತಿದ್ದಾನೆ. ಎತ್ತರ ಸುಮಾರು 5 ಅಡಿ. ಜನ ಬರುತ್ತಾರೆ, ಗೈಡ್ ಕೈ ಎಣಿಸಿ ತೋರಿಸುತ್ತಾರೆ, ಎಲ್ಲರೂ ಫೋಟೊ ತೆಗೆದುಕೊಂಡು ಒಳಗೆ ಹೋಗುತ್ತಾರೆ. ನಾನು ಅಲ್ಲೇ ಕೂರುತ್ತೇನೆ. ಸ್ಕೆಚ್ ಮಾಡುವುದು, ಆಮೇಲೆ ನೋಡಿದ್ದರ ಬಗ್ಗೆ ಬರೆಯುವುದು ನನ್ನ ಹಳೆಯ ಅಭ್ಯಾಸ. ಒಂದು ಶಿಲ್ಪ ನೋಡಿ ಮನಸ್ಸಿಗೆ ಏನೋ ಆಯಿತು ಅಂತ ಯಾರು ಬೇಕಾದರೂ ಹೇಳಬಹುದು. ಅದು ಯಾವ ಗೆರೆಯಿಂದ ಆಯಿತು, ಯಾವ ನೆರಳಿನಿಂದ ಆಯಿತು ಅಂತ ಹುಡುಕುವುದರಲ್ಲೇ ನನಗೆ ಖುಷಿ ಜಾಸ್ತಿ.

ಮೊದಲ ಪುಟದಲ್ಲಿ ಪುರಾಣ ಇಲ್ಲ, ಇತಿಹಾಸ ಇಲ್ಲ. ಕಣ್ಣಿಗೆ ಕಂಡದ್ದು ಮಾತ್ರ. ಮೊಣಕಾಲು ಬಾಗಿವೆ. ಸೊಂಟ ಒಂದು ಕಡೆಗೆ ವಾಲಿದೆ. ನಾವು ನಿಂತು ನೋಡಿದಾಗ ಎಡಕ್ಕೆ ನಂದಿ, ಬಲಕ್ಕೆ ಗಣಪತಿ, ಅವನ ಪಕ್ಕದಲ್ಲಿ ಕೂತು ವಾದ್ಯ ಬಾರಿಸುತ್ತಿರುವವನು. ಕಲ್ಲು ಕೆಂಪು ಮರಳುಗಲ್ಲು. 'ಭವ್ಯ', 'ಅದ್ಭುತ' ಇಂಥ ಮಾತು ಈ ಪುಟಕ್ಕೆ ಬರಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು, ಯಾಕೆಂದರೆ ಆ ಮಾತು ಬಂದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸಿಬಿಡುತ್ತದೆ.

ಆಮೇಲೆ ಕಣ್ಣು ಅರ್ಧ ಮುಚ್ಚಿ ನೋಡುತ್ತೇನೆ. ಆಭರಣ, ಬೆರಳು, ಆಯುಧ ಎಲ್ಲ ಮಸುಕಾಗಿ ಬೆಳಕಿನ ದೊಡ್ಡ ತುಂಡುಗಳು, ನೆರಳಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಎದೆ ಮತ್ತು ಹೊಟ್ಟೆ ಬಂಡೆಯಿಂದ ಮುಂದಕ್ಕೆ ಬಂದು ಬೆಳಕು ಹಿಡಿಯುತ್ತವೆ. ಬಂಡೆಗೆ ಅಂಟಿಕೊಂಡಂತಿರುವ ಹಿಂದಿನ ಕೈಗಳ ನೆರಳು ತೆಳು. ಹೀಗಾಗಿ ನಡುವೆ ಗಟ್ಟಿ, ಅಂಚಿಗೆ ಹೋದಂತೆ ಹಗುರ. ಈ ಹಂತಕ್ಕೆ ಮೆತ್ತನೆಯ 4ಬಿ ಪೆನ್ಸಿಲ್ ಸಾಕು. ಬಿಳಿ ಹಾಳೆಗಿಂತ ಕಂದು ಹಾಳೆ ಒಳ್ಳೆಯದು, ಕಲ್ಲಿನ ಬಣ್ಣಕ್ಕೆ ಅದು ಹತ್ತಿರ, ಬೆಳಕು ಬಿದ್ದ ಕಡೆ ಮಾತ್ರ ಬಿಳಿ ಚಾಕ್ ಮುಟ್ಟಿಸಿದರಾಯಿತು.

ಕೈಗಳನ್ನು ನೇರವಾಗಿ ಬಿಡಿಸಲು ನಾನು ಹೋಗುವುದಿಲ್ಲ. ಕೈಗಳ ನಡುವಿನ ಖಾಲಿ ಜಾಗ ಬಿಡಿಸುತ್ತೇನೆ. ಭುಜದ ಹತ್ತಿರ ಸಣ್ಣ ಸಂದು, ಹೊರಗೆ ಹೋದಂತೆ ಅಗಲ, ಬೀಸಣಿಗೆ ಬಿಚ್ಚಿದ ಹಾಗೆ. ಆ ಸಂದುಗಳು ಸರಿಯಾಗಿ ಕೂತರೆ ಕೈಗಳು ತಾವಾಗಿಯೇ ಹಾಳೆಯ ಮೇಲೆ ಬಂದು ನಿಲ್ಲುತ್ತವೆ.

ಇಲ್ಲಿ 81 ಭಂಗಿಗಳಿವೆ ಅಂತ ಗೈಡ್‌ಗಳು ಹೇಳುವುದನ್ನು ನೀವೂ ಕೇಳಿರಬಹುದು. ಲೆಕ್ಕ ಸರಳ: ಒಂದೊಂದು ಪಕ್ಕಕ್ಕೆ 9 ಕೈ, ಈ ಕಡೆಯ ಯಾವುದಾದರೂ ಒಂದನ್ನು ಆ ಕಡೆಯ ಯಾವುದಾದರೂ ಒಂದರ ಜೊತೆ ಸೇರಿಸಿದರೆ 81 ಜೋಡಿ. ಸುಮ್ನೆ ಕೇಳಿ ಬಿಡಬೇಡಿ, ಮಾಡಿ ನೋಡಿ. ನಾನು ನನ್ನ ಸ್ಕೆಚ್ ಮೇಲೆ ಕಾಗದದ ಚೂರುಗಳನ್ನು ಇಟ್ಟು ಉಳಿದ ಕೈಗಳನ್ನು ಮುಚ್ಚಿ, ಎರಡೇ ಕೈ ಬಿಟ್ಟು ನೋಡುತ್ತೇನೆ. ಕಾಲು ಅದೇ, ಸೊಂಟ ಅದೇ, ಆದರೆ ಜೋಡಿ ಬದಲಾದ ಹಾಗೆ ನೃತ್ಯದ ಇನ್ನೊಂದು ಕ್ಷಣ ಕಾಣುತ್ತದೆ. ಎಲ್ಲ ಚೂರು ತೆಗೆದಾಗ ಅಷ್ಟೂ ಕ್ಷಣಗಳು ಒಟ್ಟಿಗೆ. ಇಷ್ಟೊಂದು ಕೈ ಇದ್ದರೂ ಗಜಿಬಿಜಿ ಅನ್ನಿಸದೆ ಚಲನೆ ಅನ್ನಿಸುವುದು ಇದಕ್ಕೇ ಅಂತ ನನ್ನ ಅಭಿಪ್ರಾಯ.

ಇದು ಆಕಸ್ಮಿಕ ಅಲ್ಲ ಅನ್ನುವುದಕ್ಕೆ ಇದೇ ಗುಹೆಯ ಎಡಗಡೆ ಹೋಗಿ ನೋಡಬೇಕು. ದ್ವಾರಪಾಲಕನ ಕೆಳಗೆ ಎತ್ತು ಮತ್ತು ಆನೆ ಒಂದೇ ತಲೆಯನ್ನು ಹಂಚಿಕೊಂಡಿವೆ, ಒಂದು ಮೈಯನ್ನು ಕೈಯಿಂದ ಮುಚ್ಚಿದರೆ ಇನ್ನೊಂದು ಪ್ರಾಣಿ ಪೂರ್ತಿ ಕಾಣುತ್ತದೆ. 6ನೇ ಶತಮಾನದ ಚಾಲುಕ್ಯ ಶಿಲ್ಪಿಗಳಿಗೆ ಒಂದು ಗೆರೆಯಿಂದ ಎರಡು ಕೆಲಸ ತೆಗೆಯುವುದು ಚೆನ್ನಾಗಿ ಗೊತ್ತಿತ್ತು.

ಭಾವದ ಮಾತು ಕೊನೆಗೆ. ಇಲ್ಲಿ ಒಂದು ಹೋಲಿಕೆ ನನಗೆ ತುಂಬಾ ಸಹಾಯ ಮಾಡಿತು. ಚೋಳರ ಕಾಲದ ಕಂಚಿನ ನಟರಾಜನನ್ನು ನೆನಪಿಸಿಕೊಳ್ಳಿ: ನಾಲ್ಕು ಕೈ, ಎತ್ತಿದ ಕಾಲು, ಸುತ್ತಲೂ ಬೆಂಕಿಯ ವರ್ತುಲ. ಆ ವರ್ತುಲ ಕಣ್ಣನ್ನು ಮತ್ತೆ ಮತ್ತೆ ಒಳಕ್ಕೆ ತರುತ್ತದೆ. ಬಾದಾಮಿಯಲ್ಲಿ ವರ್ತುಲ ಇಲ್ಲ, ಕಾಲು ಎತ್ತರಕ್ಕೆ ಹೋಗಿಲ್ಲ, ಭಾರ ಕೆಳಗೆ ನೆಲದಲ್ಲಿದೆ. ಕೈಗಳು ಮಾತ್ರ ಎರಡೂ ಕಡೆ ತೆರೆದುಕೊಳ್ಳುತ್ತಾ ಹೋಗುತ್ತವೆ, ತಡೆಯುವ ಅಂಚು ಯಾವುದೂ ಇಲ್ಲ. ಪಕ್ಕದಲ್ಲೇ ತಾಳಕ್ಕೆ ಜೊತೆಗಾರ ಬೇರೆ ಕೂತಿದ್ದಾನೆ, ಅಂದರೆ ಇದು ಲಯ ಹಿಡಿದು ನಡೆಯುತ್ತಿರುವ ಕುಣಿತ, ಅಲ್ವಾ?

ಬರೆಯುವಾಗ ನನ್ನದು ಒಂದು ಪದ್ಧತಿ ಇದೆ. ಭಾವದ ಪದ ಬರೆದರೆ ಅದರಿಂದ ಸ್ಕೆಚ್‌ನ ಯಾವುದಾದರೂ ಜಾಗಕ್ಕೆ ಬಾಣದ ಗುರುತು ಎಳೆಯಲೇಬೇಕು. 'ಉಲ್ಲಾಸ' ಅಂತ ಬರೆದೆ, ಬಾಣ ಹೊರಗಿನ ಕೈಗಳಿಗೆ ಹೋಯಿತು. 'ನೆಮ್ಮದಿ' ಅಂದಾಗ ಮುಖಕ್ಕೆ ಮತ್ತು ಬಾಗಿದ ಮೊಣಕಾಲಿಗೆ. ತಾಂಡವ ಅಂದ ತಕ್ಷಣ 'ರೌದ್ರ' ಅಂತ ಬರೆದುಬಿಡುವವರು ಬಹಳ ಜನ. ನಾನೂ ಆ ಪದಕ್ಕೆ ಜಾಗ ಹುಡುಕಿದೆ. ತಲೆಯಿಂದ ಪಾದದವರೆಗೆ ಹುಡುಕಿದರೂ ಬಾಣ ಇಳಿಸಲು ಒಂದು ಗೆರೆ ಸಿಗಲಿಲ್ಲ, ಆ ಪದವನ್ನು ಹೊಡೆದು ಹಾಕಿದೆ.