ಆಪೂಸಿನ ಕಸಿಗೆ ಕರಿ ಚಾಕು: ನಾಲ್ಕು ಮಳೆಗಾಲಗಳ ಅನುಭವ

ಧಾರವಾಡದ ಕೆಲಗೇರಿ ಕಡೆಯ ನಮ್ಮ ನರ್ಸರಿಯಲ್ಲಿ ಹೋದ ಮಳೆಗಾಲ ಕಟ್ಟಿದ ಆಪೂಸು ಮಾವಿನ ಕಸಿಗಳಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಹತ್ತಿದವು. ಅದಕ್ಕೂ ಮೂರು ವರ್ಷ ಹಿಂದೆ ಅರವತ್ತು ಹತ್ತಿದರೆ ಪುಣ್ಯ ಎನ್ನುವಂತಿತ್ತು. ಕಸಿಗೆ ಕೂರಿಸುವ ಕಡ್ಡಿ ಅದೇ ತಾಯಿಮರಗಳದು, ನೆರಳಿನ ಬಲೆ ಅದೇ, ಕಟ್ಟುವ ಕೈಗಳೂ ಅವೇ. ಬದಲಾದದ್ದು ಚಾಕು ಮತ್ತು ಅದನ್ನು ಮಸೆಯುವ ರೀತಿ. ಇದನ್ನು ಹೇಳಿದಾಗ ನಕ್ಕವರು ಈಗಲೂ ಬಂದು ಸಾಲು ಸಾಲಾಗಿ ಎಣಿಸಿಕೊಂಡು ಹೋಗಬಹುದು.

ಮೊದಲು ಎಲ್ಲರಂತೆ ನಾವೂ ಗಡ್ಡದ ಬ್ಲೇಡನ್ನು ಅರ್ಧ ಮುರಿದು ಬಳಸುತ್ತಿದ್ದೆವು. ಕಡ್ಡಿ ಕೂರಿಸುವ ಎಳೆಯ ಬೇರುಸಸಿಯನ್ನು ಸೀಳಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಲಿತ ಕಡ್ಡಿಗೆ ಬೆಣೆ ಕೆತ್ತುವಾಗ ಬ್ಲೇಡು ಬಳುಕುತ್ತದೆ. ಬೆಣೆಯ ಮೈ ಎಲ್ಲೋ ಉಬ್ಬಿ, ಎಲ್ಲೋ ತಗ್ಗುತ್ತದೆ. ಸೀಳಿನಲ್ಲಿ ಕೂರಿಸಿ ಆಕಾಶಕ್ಕೆ ಹಿಡಿದರೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ನಮ್ಮಲ್ಲಿ ಬೆಳಕು ಕಂಡ ಕಸಿ ಮೂರು ವಾರಕ್ಕೆ ಕಪ್ಪಾಗದೆ ಉಳಿದದ್ದು ಅಪರೂಪ.

ಕಸಿ ಕಟ್ಟಲು, ಪಾಲಿಥಿನ್ ಪಟ್ಟಿ ಕತ್ತರಿಸಲು, ಹುರಿ ಕೊಯ್ಯಲು, ಮಧ್ಯಾಹ್ನ ಬುತ್ತಿಯ ಜೊತೆ ಉಳ್ಳಾಗಡ್ಡಿ ಹೆಚ್ಚಲು ಒಂದೇ ಚಾಕು ಜೇಬಿನಲ್ಲಿರಲಿ ಎಂದು ಮಡಚುವ ಚಾಕುಗಳನ್ನು ಕೊಳ್ಳಲು ಹೊರಟೆ. ಮೊದಲ ತಪ್ಪು, ಉಕ್ಕಿನ ಹೆಸರು ನೋಡಿ ಮರುಳಾದದ್ದು. ಡಿ2 ಉಕ್ಕಿನ ಅಲಗಿರುವ ಒಂದು ಚಾಕುವಿಗೆ ಮೂರೂವರೆ ಸಾವಿರ ಕೊಟ್ಟೆ. ಡಿ2 ಮೂಲದಲ್ಲಿ ಕಾರ್ಖಾನೆಯ ಅಚ್ಚುಗಳಿಗೆ ಬಳಸುವ ಉಕ್ಕು; ಕಾರ್ಬನ್ ಸುಮಾರು ಒಂದೂವರೆ ಪ್ರತಿಶತ, ಕ್ರೋಮಿಯಂ ಹನ್ನೆರಡರ ಆಸುಪಾಸು. ಹುರಿ ಕೊಯ್ಯಲು ಕೊಟ್ಟರೆ ದಿನವಿಡೀ ಕೊಯ್ಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲಗಿನ ಬೆನ್ನು ಮೂರು ಮಿಲಿಮೀಟರಿಗಿಂತ ದಪ್ಪ. ಕಡ್ಡಿಯೊಳಗೆ ಇಳಿದ ಕೂಡಲೇ ಸೌದೆ ಸೀಳಿದಂತೆ ಸೀಳಿತು. ತೆಳ್ಳಗೆ ಮಸೆಯೋಣವೆಂದು ಹಟ ಹಿಡಿದು ಎರಡು ಭಾನುವಾರ ಕುಳಿತೆ. ಅಂಚು ತೆಳುವಾದಂತೆ ಅಲ್ಲಲ್ಲಿ ಗರಗಸದ ಹಲ್ಲಿನಂತೆ ಉದುರತೊಡಗಿತು. ಆ ಉಕ್ಕಿನೊಳಗಿನ ಗಟ್ಟಿ ಕಾರ್ಬೈಡು ಕಣಗಳು ದೊಡ್ಡವು. ಅಂಚು ಅತಿ ತೆಳುವಾದರೆ ಅವು ಕಿತ್ತು ಬರುತ್ತವೆ. ಕ್ರೋಮಿಯಂನ ಒಂದು ಪಾಲು ಆ ಕಣಗಳಲ್ಲೇ ಸೇರಿಹೋಗುವುದರಿಂದ ಪೂರ್ತಿ ಸ್ಟೇನ್‌ಲೆಸ್ಸೂ ಅಲ್ಲ. ಮಾವಿನ ಸೊನೆ ತಾಗಿ ಒಂದು ವಾರಕ್ಕೆ ಚುಕ್ಕೆ ಬಿದ್ದವು. ಈಗ ಅದು ಗೊಬ್ಬರದ ಚೀಲ ಬಿಚ್ಚುವ ಕೆಲಸಕ್ಕಿದೆ.

ಆಮೇಲೆ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಅವರ ಉಕ್ಕಿನ ಗಡಸುತನ ರಾಕ್‌ವೆಲ್ ಮಾಪನದಲ್ಲಿ 56ರ ಸುತ್ತ, ಮೆದು ಎಂದೇ ಹೇಳಬೇಕು. ಅದನ್ನು ನಾನು ದೋಷವೆನ್ನುವುದಿಲ್ಲ. ಐವತ್ತು ಅರವತ್ತು ಕಸಿಗೊಮ್ಮೆ ಚರ್ಮದ ಮೇಲೆ ಹತ್ತು ಸಲ ಎಳೆದರೆ ಮತ್ತೆ ಹೊಸದರಂತೆ. ತುಕ್ಕಿನ ಮಾತೇ ಇಲ್ಲ. ಮನೆಗೆ, ಪ್ರಯಾಣಕ್ಕೆ ಒಂದೇ ಚಾಕು ಬೇಕು ಎನ್ನುವವರು ಕಣ್ಣು ಮುಚ್ಚಿ ಅದನ್ನೇ ಕೊಳ್ಳಲಿ. ಕಸಿಗೂ ಅದರಲ್ಲಿ ನೂರಕ್ಕೆ ಎಪ್ಪತ್ತರವರೆಗೆ ಹೋದೆ.

ತಿರುವು ಸಿಕ್ಕಿದ್ದು ಗೆಳೆಯರೊಬ್ಬರ ಕೈಯಲ್ಲಿ ಜರ್ಮನಿಯ ಟೀನಾ ಕಸಿ ಚಾಕು ನೋಡಿದಾಗ. ಕಾರ್ಬನ್ ಉಕ್ಕು, ಒಂದು ಮಗ್ಗುಲು ಕನ್ನಡಿಯಂತೆ ಚಪ್ಪಟೆ, ಇಳಿಜಾರು ಇನ್ನೊಂದೇ ಮಗ್ಗುಲಿಗೆ. ಚಪ್ಪಟೆ ಮೈಯನ್ನು ಕಡ್ಡಿಗೆ ಒರಗಿಸಿ ಎಳೆದರೆ ಬೆಣೆ ರಂದಾ ಹೊಡೆದ ಹಲಗೆಯಂತೆ ಬರುತ್ತದೆ. ನಮ್ಮಲ್ಲಿ ಕಟ್ಟುವವರು ನಾಲ್ವರು. ನಾಲ್ಕು ಟೀನಾ ಕೊಳ್ಳುವ ಶಕ್ತಿ ನನಗಿರಲಿಲ್ಲ. ಹಾಗಾಗಿ ಫ್ರಾನ್ಸಿನ ಒಪಿನೆಲ್ ಎಂಟನೇ ನಂಬರಿನ ಕಾರ್ಬನ್ ಚಾಕು ತರಿಸಿದೆ. ಆಗ ಹದಿನೇಳುನೂರು ಚಿಲ್ಲರೆ ಬಿದ್ದ ನೆನಪು. ಎಂಟೂವರೆ ಸೆಂಟಿಮೀಟರ್ ಅಲಗು, ದಪ್ಪ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು, ಕಾರ್ಬನ್ ಒಂದು ಪ್ರತಿಶತಕ್ಕೆ ಸ್ವಲ್ಪ ಕಡಿಮೆ. ಇದೇ ಚಾಕು ಸ್ಟೇನ್‌ಲೆಸ್ಸಿನಲ್ಲೂ ಸಿಗುತ್ತದೆ, ಸ್ವೀಡನ್ನಿನ 12ಸಿ27 ಉಕ್ಕಿನದು. ಅದನ್ನೂ ಒಂದು ತಂದು ಅಕ್ಕಪಕ್ಕ ಇಟ್ಟು ಕಟ್ಟಿದೆ. ಕಾರ್ಬನ್ನಿನ ಅಂಚು ಕಲ್ಲಿನ ಮೇಲೆ ಬೇಗ ಏಳುತ್ತದೆ, ಗೀರು ಬೇಗ ಬಿಡುತ್ತದೆ. ನನ್ನ ಕೈಗೆ ಅದೇ ಹಿಡಿಸಿತು.

ಸೋದರಮಾವ ನಲವತ್ತು ವರ್ಷ ಕಸಿ ಕಟ್ಟಿದವರು. ಮೊದಲ ದಿನವೇ ಅಲಗಿನ ಮೇಲೆ ನೀಲಿಗಪ್ಪು ಕಲೆ ಕಂಡು, "ತಮ್ಮಾ, ಈ ಕರಿ ಕಡ್ಡಿಗೆ ಹತ್ತಿದರೆ ಕಸಿ ಸತ್ತಂತೆಯೇ. ಧಾರವಾಡದ ಮಳೆಯಲ್ಲಿ ಇದು ಎಂಟು ದಿನ ಬಾಳುವುದಿಲ್ಲ" ಎಂದರು. ಎರಡನೆಯ ಮಾತು ನಿಜವೇ ಆಯಿತು. ಆರಿದ್ರಾ ಮಳೆಯ ಒಂದು ರಾತ್ರಿ ಒದ್ದೆ ಪ್ಯಾಂಟಿನ ಜೇಬಿನಲ್ಲಿ ಮರೆತು ಮಲಗಿದೆ. ಬೆಳಿಗ್ಗೆ ಮರದ ಹಿಡಿ ಉಬ್ಬಿ ಅಲಗು ಹೊರಗೆ ಬರಲೇ ಇಲ್ಲ. ಹಿಡಿಯ ಹಿಂಬದಿಯನ್ನು ಕಲ್ಲಿಗೆ ಕುಟ್ಟಿ ಬಿಡಿಸಿದೆ. ಒಳಗೆ ಅರಿಸಿನ ಬಣ್ಣದ ತುಕ್ಕು, ಅಂಚಿನಲ್ಲಿ ಗುಳಿ. ಹದಿನೇಳುನೂರು ರೂಪಾಯಿ ನೀರಿಗೆ ಹೋಯಿತು.

ಎರಡನೆಯ ಚಾಕುವಿಗೆ ಬಳಸುವ ಮೊದಲೇ ಕರಿ ಹಿಡಿಸಿದೆ. ಹುಣಸೆ ರಸದಲ್ಲಿ ರಾತ್ರಿಯಿಡೀ ಬಿಟ್ಟದ್ದು ಹೆಚ್ಚಾಗಿ ಅಂಚನ್ನೇ ತಿಂದಿತು, ಮತ್ತೆ ಮಸೆಯಬೇಕಾಯಿತು. ಗಟ್ಟಿ ಚಹಾ ಡಿಕಾಕ್ಷನ್ ಸರಿಹೋಯಿತು: ಚಹಾದ ಒಗರು ಕಬ್ಬಿಣದೊಂದಿಗೆ ಕೂಡಿ ಮೈಗಂಟುವ ಕಪ್ಪು ಪದರವಾಗುತ್ತದೆ. ಚಹಾದ ಜೊತೆ ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದು ನಮ್ಮ ನರ್ಸರಿಯಲ್ಲೇ ಇರಲಿ. ಈ ಪದರ ಬಂದ ಮೇಲೆ ತುಕ್ಕು ಬರುವುದೇ ಇಲ್ಲವೆಂದಲ್ಲ, ತಡವಾಗಿ ಬರುತ್ತದೆ. ಒರೆಸಲು ಸಮಯ ಸಿಗುತ್ತದೆ. ಮಸೆದ ಅಂಚಿನ ಮೇಲೆ ಕರಿ ನಿಲ್ಲುವುದಿಲ್ಲ, ಆದ್ದರಿಂದ ಮಾವ ಹೇಳಿದ ಭಯಕ್ಕೆ ಆಧಾರವಿಲ್ಲ. ಆದರೂ ಪ್ರತಿ ಗಿಡಕ್ಕೂ ಅಲಗನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸುತ್ತೇನೆ.

ಹಿಡಿ ಬೀಚ್ ಮರದ್ದು, ನೀರು ಕುಡಿಯುತ್ತದೆ. ಇಲ್ಲಿ ಸ್ವಲ್ಪ ದಾರಿ ತಪ್ಪಿ ಎಣ್ಣೆಗಳ ಬೆನ್ನು ಹತ್ತಿದೆ. ಮೂರು ಹಿಡಿಗಳಿಗೆ ಶೇಂಗಾ, ಕುಸುಬೆ, ಅಗಸೆ ಎಣ್ಣೆ ಬೇರೆ ಬೇರೆಯಾಗಿ ಹಚ್ಚಿ ಬಿಸಿಲಿಗಿಟ್ಟೆ. ಶೇಂಗಾ ಎಣ್ಣೆಯದು ಹದಿನೈದು ದಿನವಾದರೂ ಒಣಗದೆ ಜಿಗುಟಾಗಿ ಕಮಟು ವಾಸನೆ ಹೊಡೆಯಿತು. ಕುಸುಬೆ ಪರವಾಗಿಲ್ಲ. ಅಗಸೆ ಎಣ್ಣೆ ಒಣಗಿ ವಾರ್ನಿಷಿನಂತೆ ಗಟ್ಟಿಯಾಯಿತು. ಬೇಸಿಗೆಯಲ್ಲಿ ನಾಲ್ಕು ಸಲ ತೆಳ್ಳಗೆ ಹಚ್ಚಿ, ಅಲಗು ಕೂರುವ ಸೀಳನ್ನು ಉಪ್ಪುಕಾಗದದಲ್ಲಿ ತುಸು ಅಗಲಿಸಿದೆ. ಆಮೇಲೆ ಪುಷ್ಯ ಮಳೆಯ ಜಿಟಿಜಿಟಿಯಲ್ಲೂ ಹಿಡಿ ಸಿಕ್ಕಿಕೊಂಡಿಲ್ಲ.

ನಿಜವಾದ ಕೆಲಸ ಒಂದು ಮಗ್ಗುಲು ಚಪ್ಪಟೆ ಮಾಡುವುದು. ಎಡ ಮಗ್ಗುಲನ್ನು 400ರ ನೀರುಗಲ್ಲಿನ (ನಂಬರು ಹೆಚ್ಚಿದಷ್ಟು ಕಲ್ಲು ನಯ) ಮೇಲೆ ಮಲಗಿಸಿ ಉಜ್ಜುತ್ತೇನೆ. ಅಂಚಿನವರೆಗೂ ಒಂದೇ ಬೂದು ಬಣ್ಣ ಬರುವವರೆಗೆ, ಮೂರು ಸಂಜೆ ಹಿಡಿಯುತ್ತದೆ. ಯಂತ್ರದ ಸಾಣೆಗೆ ಕೊಟ್ಟು ಒಂದನ್ನು ಹಾಳುಮಾಡಿಕೊಂಡಿದ್ದೇನೆ, ತುದಿ ನೀಲಿಗಟ್ಟಿ ಹದ ಹೋಯಿತು. ಆಮೇಲೆ 1000, 6000, ಕೊನೆಗೆ ಹುಬ್ಬಳ್ಳಿಯಲ್ಲಿ ಚಪ್ಪಲಿ ಹೊಲಿಯುವವರಿಂದ ತಂದ ಚರ್ಮದ ಪಟ್ಟಿ. ಬಲ ಮಗ್ಗುಲಿನ ಇಳಿಜಾರು ಎಷ್ಟು ಡಿಗ್ರಿ ಎಂದು ಕೇಳುವವರಿಗೆ ನಾನು ಕೈ ಹಿಡಿದು ತೋರಿಸುತ್ತೇನೆ, ಬರೆಯುವುದಿಲ್ಲ.

ಹಾಳಾದವು, ಕಲ್ಲುಗಳು, ಎಲ್ಲ ಸೇರಿ ಹದಿನಾರು ಸಾವಿರದ ಹತ್ತಿರ ಹೋಯಿತು. ಸಾವಿರಕ್ಕೆ ಇನ್ನೂರೈವತ್ತು ಗಿಡ ಹೆಚ್ಚು ಉಳಿದರೆ ಆ ಹಣ ಯಾವಾಗ ಮರಳಿತು ಎಂದು ನರ್ಸರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ತೊಡಕು ಉಳಿದಿತ್ತು. ನಮ್ಮಲ್ಲಿ ಕಟ್ಟುವ ಒಬ್ಬ ಹೆಣ್ಣುಮಗಳದು ಎಡಗೈ. ನನ್ನ ಚಾಕು ಅವಳ ಕೈಯಲ್ಲಿ ಕಡ್ಡಿಯೊಳಗೆ ಮುಳುಗಿಹೋಗುತ್ತಿತ್ತು. ಕೈಯೇ ಸರಿಯಿಲ್ಲವೆಂದು ಒಂದು ವಾರ ಅವಳನ್ನೇ ಬೈದೆ, ಅದು ನನ್ನ ತಪ್ಪು. ಚಪ್ಪಟೆ ಮೈ ಅವಳಿಗೆ ಬಲಕ್ಕೆ ಬೇಕು. ಆ ಚಾಕು ಈಗ ಕಲ್ಲಿನ ಮೇಲಿದೆ. ಬೂದು ಬಣ್ಣ ಇನ್ನೂ ಅಂಚು ಮುಟ್ಟಿಲ್ಲ, ಒಂದು ಸಂಜೆಯ ಕೆಲಸ ಬಾಕಿ.