ವಾರ್ತೆ ಓದಬೇಕಾ? ಮೊದಲು ‘ಮೊಳಕಾಲ್ಮುರು’ ಅನ್ನಿ

ಕಂಚಿನ ಕಂಠ ಇದ್ದರೆ ಮಾತ್ರ ವಾರ್ತೆ ಓದಬಹುದು ಅಂತ ದಾವಣಗೆರೆ, ಚಿತ್ರದುರ್ಗದ ಕಡೆಯ ಎಷ್ಟೋ ಹುಡುಗ ಹುಡುಗಿಯರು ಸುಮ್ನೆ ಹಿಂಜರಿಯುತ್ತಾರೆ. ಕಂಠ ಸಾಧಾರಣ ಇದ್ದರೂ ನಡೆಯುತ್ತದೆ. ಓದುವವರಿಗೇ ಸುದ್ದಿ ಅರ್ಥವಾಗಿಲ್ಲ ಅಂದರೆ ಮಾತ್ರ ಕೇಳುವವರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ.

ಊರಿನ ಹೆಸರುಗಳಿಂದ ಶುರು ಮಾಡಿ. ಮೊಳಕಾಲ್ಮುರು, ಹೊಳಲ್ಕೆರೆ, ಚಳ್ಳಕೆರೆ, ಜಗಳೂರು. ಲ, ಳ ಬೇರೆ ಬೇರೆ ಕೇಳಿಸಬೇಕು. ಭದ್ರಾ ‘ಬದ್ರಾ’ ಆಗಬಾರದು.

ಆಮೇಲೆ ಓದಬೇಕಾದ ಸುದ್ದಿಯ ಪ್ರತಿ ಸಿದ್ಧ ಮಾಡಿಕೊಳ್ಳಿ. ಈ ಸಾಲು ನೋಡಿ: ‘1933ರ ನಂತರ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು.’ ಅಂಕಿ ಕಂಡ ಕೂಡಲೇ ನಾಲಿಗೆ ತಡವರಿಸುತ್ತದೆ. ಅದಕ್ಕೇ ‘ಸಾವಿರದ ಒಂಬೈನೂರ ಮೂವತ್ತಮೂರರ ನಂತರ’ ಅಂತ ಅಕ್ಷರದಲ್ಲೇ ಬರೆದುಕೊಳ್ಳಿ. ಉಸಿರು ಎಳೆದುಕೊಳ್ಳುವ ಕಡೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿ. ‘ನಂತರ’ ಆದಮೇಲೆ ಒಂದು, ‘2022ರಲ್ಲಿ’ ಆದಮೇಲೆ ಒಂದು, ಸಾಕು. ‘ಹಿರಿಯೂರಿನ’ ಅಂತ ಹೇಳಿ ನಿಂತರೆ ಊರು ಒಂದು ಕಡೆ, ಜಲಾಶಯ ಇನ್ನೊಂದು ಕಡೆ! ಇಲ್ಲಿ ಸುದ್ದಿ ಇರುವುದು ನಡುವೆ ಕಳೆದ 89 ವರ್ಷದಲ್ಲಿ, ಅಲ್ವಾ? ಹಾಗಾಗಿ ಒತ್ತು ಬೀಳಬೇಕಾದ್ದು ಎರಡೂ ಇಸವಿಗಳ ಮೇಲೆ.

ಈಗ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ನೇರ ಇಟ್ಟರೆ ಪ, ಬ, ಭ ಬಂದಾಗೆಲ್ಲ ಗಾಳಿ ಬಡಿದು ‘ಡಬ್’ ಅನ್ನುತ್ತದೆ. ಹಾಳೆಗಳಿಗೆ ಪಿನ್ ಹೊಡೆಯಬೇಡಿ. ಬಿಡಿ ಹಾಳೆ ಇಟ್ಟುಕೊಂಡು, ಓದಿ ಮುಗಿದದ್ದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ. ಮಗುಚಿದರೆ ಆ ಸರಸರ ಸದ್ದು ನಿಮ್ಮ ದನಿಗಿಂತ ಜಾಸ್ತಿ ಕೇಳುತ್ತದೆ.

ಟಿವಿಯಲ್ಲಿ ಹಾಳೆ ನೋಡುವ ಕೆಲಸ ಕಡಿಮೆ. ಕ್ಯಾಮೆರಾ ಮುಂದಿನ ಗಾಜಿನ ಮೇಲೆ ಸಾಲುಗಳು ಓಡುತ್ತಿರುತ್ತವೆ, ಅದೇ ಟೆಲಿಪ್ರಾಂಪ್ಟರ್. ಕಷ್ಟ ಇರುವುದು ಕಿವಿಯಲ್ಲಿ. ನೀವು ಓದುತ್ತಿರುವಾಗಲೇ ಪ್ರೊಡ್ಯೂಸರ್ ನಿಮ್ಮ ಇಯರ್‌ಫೋನ್‌ನಲ್ಲಿ ಏನೋ ಹೇಳುತ್ತಿರುತ್ತಾರೆ. ಮನೆಯಲ್ಲಿ ರೇಡಿಯೊ ಹಾಕಿಕೊಂಡೇ ಪೇಪರ್ ಓದಿ, ರೂಢಿಯಾಗುತ್ತದೆ. ಸಣ್ಣ ಗೀಟಿನ ಬಟ್ಟೆ ಬೇಡ, ಪರದೆಯ ಮೇಲೆ ಅಲುಗಾಡಿದಂತೆ ಕಾಣುತ್ತದೆ.

ಚಿತ್ರದುರ್ಗದಲ್ಲೇ ಆಕಾಶವಾಣಿ ಇದೆ. ಆಕಾಶವಾಣಿ ಕೇಂದ್ರಗಳು ತಾತ್ಕಾಲಿಕ ಉದ್ಘೋಷಕರಿಗಾಗಿ ಆಗಾಗ ಧ್ವನಿ ಪರೀಕ್ಷೆ ನಡೆಸುತ್ತವೆ, ಪ್ರಕಟಣೆ ಮೇಲೆ ಕಣ್ಣಿಟ್ಟಿರಿ. ವಾರ್ತೆ ಓದುವವರಿಗೆ ಅಲ್ಲಿ ಅನುವಾದವೂ ಬರಬೇಕು. ದಿನಾ ಇಂಗ್ಲಿಷ್ ಸುದ್ದಿಯ ಒಂದು ಪ್ಯಾರಾ ಕನ್ನಡಕ್ಕೆ ತಂದು, ಅದನ್ನೇ ಜೋರಾಗಿ ಓದಿ. ಉಸಿರು ಸಾಲದಿದ್ದರೆ ವಾಕ್ಯವನ್ನು ಎರಡು ಮಾಡಿ.