ಎಲೆಯೊಳಗಿನ ಶಿಲೀಂಧ್ರ ಯಾವುದು ಅಂತ ಡಿಎನ್‌ಎ ನೋಡಿ ಗುರುತಿಸುವುದು ಹೇಗೆ?

ಒಂದೂ ಚುಕ್ಕೆ ಇಲ್ಲದ, ಚೆನ್ನಾಗಿ ಹಸಿರಾಗಿರುವ ಮಾವಿನ ಎಲೆ ತಗೊಂಡು, ಹೊರಮೈ ಶುಚಿ ಮಾಡಿ, ಸಣ್ಣ ತುಂಡುಗಳನ್ನು ಪಿಡಿಎ (ಆಲೂಗಡ್ಡೆ ರಸ, ಸಕ್ಕರೆ, ಅಗರ್ ಹಾಕಿ ಮಾಡಿದ, ಶಿಲೀಂಧ್ರ ಬೆಳೆಸುವ ಮಾಧ್ಯಮ) ಪ್ಲೇಟಿನ ಮೇಲೆ ಇಟ್ಟು ನೋಡಿ. ನಾಲ್ಕೈದು ದಿನಕ್ಕೆ ತುಂಡಿನ ಅಂಚಿನಿಂದ ಬಿಳಿ, ಬೂದು, ಕಪ್ಪು ಎಳೆಗಳು ಹೊರಗೆ ಬರುತ್ತವೆ. ರೋಗದ ಲಕ್ಷಣ ತೋರಿಸದೆ ಗಿಡದ ಒಳಗೇ ಬದುಕುವ ಈ ಶಿಲೀಂಧ್ರಗಳೇ ಎಂಡೋಫೈಟ್‌ಗಳು. ಬೆಳೆಸುವುದು ಸುಲಭ, ಯಾವುದು ಅಂತ ಹೇಳುವುದು ಕಷ್ಟ. ಯಾಕಂದ್ರೆ ಇವುಗಳಲ್ಲಿ ಎಷ್ಟೋ ಪ್ಲೇಟಿನಲ್ಲಿ ಬೀಜಕಗಳನ್ನೇ ಬಿಡುವುದಿಲ್ಲ. ಬೀಜಕ ಇಲ್ಲದಿದ್ದರೆ ಮೈಕ್ರೋಸ್ಕೋಪಿನಲ್ಲಿ ಕಾಣುವುದು ಬರೀ ಎಳೆ. ಆಗ ಡಿಎನ್‌ಎ ಮೊರೆ ಹೋಗಲೇಬೇಕು.

ಹೆಸರು ತಪ್ಪಾದರೆ ಏನಾಯ್ತು ಅಂತ ಕೇಳುವವರಿದ್ದಾರೆ. ಕಿತ್ತಳೆ, ನಿಂಬೆ ಕುಟುಂಬದ ಹಣ್ಣುಗಳಿಗೆ ಕಪ್ಪು ಚುಕ್ಕೆ ರೋಗ ತರುವ ಫಿಲ್ಲೊಸ್ಟಿಕ್ಟಾ ಸಿಟ್ರಿಕಾರ್ಪಾ ಯುರೋಪಿಯನ್ ಒಕ್ಕೂಟದ ಕ್ವಾರಂಟೈನ್ ಪಟ್ಟಿಯಲ್ಲಿದೆ. ಹಣ್ಣಿನಲ್ಲಿ ಅದು ಸಿಕ್ಕರೆ ಸರಕು ಗಡಿಯಲ್ಲೇ ನಿಲ್ಲುತ್ತದೆ. ಅದರ ನೆಂಟ ಫಿಲ್ಲೊಸ್ಟಿಕ್ಟಾ ಕ್ಯಾಪಿಟಲೆನ್ಸಿಸ್ ಅದೇ ಗಿಡಗಳ ಎಲೆಯಲ್ಲಿ, ಇನ್ನೂ ಎಷ್ಟೋ ಬೇರೆ ಮರಗಳಲ್ಲಿ, ಯಾರಿಗೂ ತೊಂದರೆ ಕೊಡದೆ ಎಂಡೋಫೈಟ್ ಆಗಿ ಇರುತ್ತದೆ. ನೋಡೋಕೆ ಎರಡೂ ಹೆಚ್ಚುಕಮ್ಮಿ ಒಂದೇ ಥರ. ಬಹಳ ಕಾಲ ಇವೆರಡನ್ನೂ ಒಂದೇ ಶಿಲೀಂಧ್ರದ ರೋಗ ತರುವ ಬಗೆ, ರೋಗ ತರದ ಬಗೆ ಅಂತಲೇ ತಿಳಿದಿದ್ದರು. 2002ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ಎರಡೂ ಬೇರೆ ಬೇರೆ ಪ್ರಭೇದಗಳು ಅಂತ ಸ್ಪಷ್ಟವಾಯಿತು. ಬೆಳೆಗಾರನ ಒಂದು ವರ್ಷದ ದುಡಿಮೆ ನಿಂತಿರುವುದು ಇಂಥ ವ್ಯತ್ಯಾಸದ ಮೇಲೆ.

ಈಗ ಕೆಲಸಕ್ಕೆ ಬರೋಣ. ಎಲೆ ತಂದ 24 ಗಂಟೆಯೊಳಗೆ ಶುರು ಮಾಡಿ, ತಡವಾದಷ್ಟೂ ಎಲೆ ಬಾಡಿ ಹೊರಗಿನ ಬೂಸ್ಟು ಜಾಸ್ತಿಯಾಗುತ್ತದೆ. ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು, ಶೇ. 70ರ ಎಥನಾಲ್‌ನಲ್ಲಿ ಒಂದು ನಿಮಿಷ, ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಎರಡು ಮೂರು ನಿಮಿಷ, ಮತ್ತೆ ಎಥನಾಲ್‌ನಲ್ಲಿ ಅರ್ಧ ನಿಮಿಷ ಅದ್ದಿ, ಕೊನೆಗೆ ಸ್ಟೆರೈಲ್ ನೀರಿನಲ್ಲಿ ಮೂರು ಸಲ ತೊಳೆಯಿರಿ. ಎಳೆಯ ಎಲೆಗೆ ಕಡಿಮೆ ಹೊತ್ತು, ತೊಗಟೆಗೆ ಜಾಸ್ತಿ ಹೊತ್ತು. ಇದಾದ ಮೇಲೆ ಶುಚಿ ಮಾಡಿದ ಎಲೆಯನ್ನು ಇನ್ನೂ ಏನೂ ಇಡದ ಒಂದು ಪಿಡಿಎ ಪ್ಲೇಟಿನ ಮೇಲೆ ಮೆಲ್ಲಗೆ ಒತ್ತಿ ತೆಗೆಯಿರಿ. ಕೊನೆಯ ಸಲ ತೊಳೆದ ನೀರನ್ನೂ ಇನ್ನೊಂದು ಪ್ಲೇಟಿಗೆ ಸ್ವಲ್ಪ ಹಾಕಿಡಿ. ಇವೆರಡರಲ್ಲಿ ಏನಾದರೂ ಬೆಳೆದರೆ ನಿಮಗೆ ಸಿಕ್ಕಿದ್ದು ಎಲೆಯೊಳಗಿನದ್ದೋ ಮೇಲೆ ಕೂತಿದ್ದೋ ಹೇಳೋಕಾಗಲ್ಲ, ಆ ಕಂತನ್ನು ಬಿಟ್ಟು ಮತ್ತೆ ಶುರು ಮಾಡಿ. ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಮುಂದೆ ಎಷ್ಟು ಒಳ್ಳೆ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ಬಂದರೂ ಇಲ್ಲಿ ಆದ ತಪ್ಪು ಸರಿಹೋಗುವುದಿಲ್ಲ.

ಪಿಡಿಎಗೆ ಕ್ಲೋರಾಂಫೆನಿಕಾಲ್ ಥರದ ಆಂಟಿಬಯಾಟಿಕ್ ಸೇರಿಸಿದರೆ ಬ್ಯಾಕ್ಟೀರಿಯಾ ಕಾಟ ಇರುವುದಿಲ್ಲ. ಹೊರಬಂದ ಎಳೆಯ ತುದಿಯನ್ನಷ್ಟೇ ಎತ್ತಿ ಹೊಸ ಪ್ಲೇಟಿಗೆ ಹಾಕಿ ಶುದ್ಧ ಕಲ್ಚರ್ ಮಾಡಿಕೊಳ್ಳಿ. ಬಣ್ಣ, ಬೆಳೆಯುವ ವೇಗ, ಪ್ಲೇಟಿನ ಹಿಂಬದಿ ನೋಡಿ ಗುಂಪು ಮಾಡಿ, ಪ್ರತಿ ಗುಂಪಿನಿಂದ ಎರಡು ಮೂರು ಆರಿಸಿದರೆ ಸೀಕ್ವೆನ್ಸಿಂಗ್ ಖರ್ಚು ಉಳಿಯುತ್ತದೆ. ಆದರೆ ಒಂದೇ ಥರ ಕಾಣುವ ಗುಂಪಿನಲ್ಲಿ ಎರಡು ಪ್ರಭೇದ ಇರಬಹುದು ಅನ್ನೋದು ನೆನಪಿರಲಿ.

ಡಿಎನ್‌ಎ ತೆಗೆಯೋಕೆ ಎಳೆಯ ಕಲ್ಚರ್ ಒಳ್ಳೆಯದು. ವಾರಕ್ಕಿಂತ ಹಳೆಯದು ಬೇಡ. ಸಿಟಿಎಬಿ (ಕೋಶ ಒಡೆದು ಡಿಎನ್‌ಎ ಬಿಡಿಸುವ, ಡಿಟರ್ಜೆಂಟ್ ಥರದ ರಾಸಾಯನಿಕ) ವಿಧಾನ ಅಗ್ಗ, ನಂಬಿಕಸ್ಥ. ಕಿಟ್ ಇದ್ದರೆ ಇನ್ನೂ ಬೇಗ ಮುಗಿಯುತ್ತದೆ. ಕಪ್ಪು ಬಣ್ಣದ ಶಿಲೀಂಧ್ರಗಳಲ್ಲಿ ಮೆಲನಿನ್ ಜಾಸ್ತಿ, ಅದು ಪಿಸಿಆರ್ ಅನ್ನು (ಡಿಎನ್‌ಎ ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡುವ ಕ್ರಿಯೆ) ತಡೆಯುತ್ತದೆ. ಜೆಲ್‌ನಲ್ಲಿ ಬ್ಯಾಂಡ್ (ನಕಲಾದ ಡಿಎನ್‌ಎಯ ಗೆರೆ) ಬರಲಿಲ್ಲ ಅಂತ ಡಿಎನ್‌ಎ ಇನ್ನಷ್ಟು ಸುರಿಯಬೇಡಿ, ಹತ್ತು ಪಟ್ಟು ತೆಳು ಮಾಡಿ ನೋಡಿ. ಬಹಳ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ.

ಮೊದಲು ಓದಿಸಬೇಕಾದ, ಅಂದರೆ ಸೀಕ್ವೆನ್ಸ್ ಮಾಡಿಸಬೇಕಾದ ಭಾಗ ಐಟಿಎಸ್. ಇದು ರೈಬೋಸೋಮ್ ಜೀನ್‌ಗಳಾದ 18ಎಸ್ ಮತ್ತು 28ಎಸ್ ನಡುವೆ ಇರುವ ತುಣುಕು, ಮಧ್ಯದಲ್ಲಿ 5.8ಎಸ್ ಕೂತಿದೆ. 2012ರಲ್ಲಿ ಇದನ್ನೇ ಶಿಲೀಂಧ್ರಗಳನ್ನು ಗುರುತಿಸುವ ಅಧಿಕೃತ ಬಾರ್‌ಕೋಡ್ ಅಂತ ಒಪ್ಪಿಕೊಂಡರು. ಈ ಭಾಗದ ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಂಡುಗಳಾದ ಐಟಿಎಸ್1 ಮತ್ತು ಐಟಿಎಸ್4 ಪ್ರೈಮರ್‌ಗಳು 1990ರಿಂದ ಬಳಕೆಯಲ್ಲಿವೆ. 55 ಡಿಗ್ರಿ ಅನೀಲಿಂಗ್ (ಪ್ರೈಮರ್ ಅಂಟಿಕೊಳ್ಳುವ ಹಂತ), 35 ಸೈಕಲ್ ಸಾಮಾನ್ಯವಾಗಿ ಸಾಕು, ಜೆಲ್‌ನಲ್ಲಿ 500ರಿಂದ 700 ಬೇಸ್ (ಡಿಎನ್‌ಎ ಅಕ್ಷರ) ಹತ್ತಿರ ಒಂದೇ ಬ್ಯಾಂಡ್ ಬರಬೇಕು. ಕಲ್ಚರ್ ಮಾಡದೆ ನೇರ ಎಲೆಯಿಂದಲೇ ಮಾಡುವುದಾದರೆ ಗಿಡದ ಐಟಿಎಸ್ ಕೂಡ ಎದ್ದು ಬರುತ್ತದೆ, ಆಗ ಶಿಲೀಂಧ್ರದ ಕಡೆ ವಾಲುವ ಐಟಿಎಸ್1ಎಫ್ ಬಳಸಿ. ಡಿಎನ್‌ಎ ಬಿಟ್ಟು ಉಳಿದದ್ದೆಲ್ಲ ಹಾಕಿದ ಒಂದು ಟ್ಯೂಬ್ ಪ್ರತಿ ಸಲವೂ ಜೊತೆಗೆ ಓಡಲೇಬೇಕು.

ಸೀಕ್ವೆನ್ಸಿಂಗ್ ಎರಡೂ ದಿಕ್ಕಿನಿಂದ ಮಾಡಿಸಿ. ಫೈಲ್ ಬಂದ ಕೂಡಲೇ, ಭಂಡಾರದಲ್ಲಿ ಹೋಲುವ ಸೀಕ್ವೆನ್ಸ್ ಹುಡುಕಿಕೊಡುವ ಬ್ಲಾಸ್ಟ್‌ಗೆ ಹಾಕೋ ಅವಸರ ಬೇಡ. ಮೊದಲು ಕ್ರೊಮ್ಯಾಟೋಗ್ರಾಮ್ (ಪ್ರತಿ ಅಕ್ಷರವನ್ನೂ ಬಣ್ಣದ ಶಿಖರವಾಗಿ ತೋರಿಸುವ ಚಿತ್ರ) ತೆರೆದು ಕಣ್ಣಾರೆ ನೋಡಿ. ಶುರುವಿನ ಮೂವತ್ತು ನಲವತ್ತು ಬೇಸ್ ಯಾವಾಗಲೂ ಕಲಸಿಕೊಂಡಿರುತ್ತವೆ, ಕತ್ತರಿಸಿ ಹಾಕಿ. ಮಧ್ಯದಲ್ಲಿ ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರಗಳು ಒಂದರ ಮೇಲೊಂದು ಕೂತು ಅದು ಹಾಗೇ ಕೊನೆಯವರೆಗೂ ಮುಂದುವರಿದರೆ ನಿಮ್ಮ ಕಲ್ಚರ್‌ನಲ್ಲಿ ಎರಡು ಶಿಲೀಂಧ್ರ ಇರಬಹುದು, ಅಥವಾ ಒಂದೇ ಶಿಲೀಂಧ್ರದಲ್ಲಿ ಬೇರೆ ಬೇರೆ ಉದ್ದದ ಐಟಿಎಸ್ ಪ್ರತಿಗಳಿರಬಹುದು. ಮೊದಲು ಕಲ್ಚರ್ ಮತ್ತೆ ಶುದ್ಧ ಮಾಡಿ ನೋಡುವುದೇ ಸರಿ. ಸಾಫ್ಟ್‌ವೇರ್ ಅಂಥ ಕಡೆಯೂ ಏನೋ ಒಂದು ಅಕ್ಷರ ಬರೆದುಬಿಡುತ್ತದೆ, ಅದನ್ನು ನಂಬಬೇಡಿ.

ಇನ್ನು ಬ್ಲಾಸ್ಟ್. ಜನ ಎಡವುವುದು ಜಾಸ್ತಿ ಇಲ್ಲೇ. ಪಟ್ಟಿಯ ಮೇಲಿರುವ ಹೆಸರನ್ನು ಎತ್ತಿ ಪ್ರಬಂಧಕ್ಕೆ ಹಾಕಿಬಿಡುತ್ತಾರೆ, ಶೇ. 99 ಹೊಂದಿತಲ್ಲ ಅಂತ. ಮಾವಿನ ಎಲೆಯಿಂದ ಬಂದ ಒಂದು ಕೊಲೆಟೊಟ್ರೈಕಮ್‌ನ ಐಟಿಎಸ್ ಹಾಕಿ ನೋಡಿ: ಗ್ಲಿಯೋಸ್ಪೊರಿಯಾಯ್ಡಿಸ್, ಸಿಯಾಮೆನ್ಸ್, ಫ್ರಕ್ಟಿಕೋಲಾ ಅಂತ ಬೇರೆ ಬೇರೆ ಹೆಸರುಗಳು ಪಕ್ಕಪಕ್ಕದಲ್ಲಿ ಶೇ. 99, 100 ತೋರಿಸುತ್ತಾ ನಿಂತಿರುತ್ತವೆ. ಎಲ್ಲವೂ ಸರಿ ಇರೋಕೆ ಸಾಧ್ಯವಿಲ್ಲ ಅಲ್ವಾ? 2012ರಲ್ಲಿ ಈ ಗ್ಲಿಯೋಸ್ಪೊರಿಯಾಯ್ಡಿಸ್ ಗುಂಪನ್ನು ಪರಿಷ್ಕರಿಸಿದಾಗ ಅದರಲ್ಲಿ 22 ಪ್ರಭೇದಗಳನ್ನು ಒಪ್ಪಿಕೊಂಡರು, ಐಟಿಎಸ್ ಒಂದರಿಂದಲೇ ಅವನ್ನೆಲ್ಲ ಬಿಡಿಸೋಕಾಗಲ್ಲ. ಜೆನ್‌ಬ್ಯಾಂಕಿನಲ್ಲಿ (ಎಲ್ಲರೂ ಸೀಕ್ವೆನ್ಸ್ ಸೇರಿಸುವ ಸಾರ್ವಜನಿಕ ಭಂಡಾರ) ಹಳೆಯ ಹೆಸರಲ್ಲೇ ಉಳಿದುಹೋದ ಸೀಕ್ವೆನ್ಸ್‌ಗಳೂ ಇವೆ, ತಪ್ಪು ಹೆಸರಿನವೂ ಇವೆ. ಸಾರ್ವಜನಿಕ ಭಂಡಾರಗಳಲ್ಲಿನ ಶಿಲೀಂಧ್ರ ಸೀಕ್ವೆನ್ಸ್‌ಗಳಲ್ಲಿ ಶೇ. 20ರವರೆಗೂ ಪ್ರಭೇದದ ಹೆಸರು ತಪ್ಪಿರಬಹುದು ಅಂತ 2006ರ ಒಂದು ಅಧ್ಯಯನ ಹೇಳಿತ್ತು. ಬ್ಲಾಸ್ಟ್ ಹತ್ತಿರದವರು ಯಾರು ಅಂತ ತೋರಿಸುತ್ತದೆ, ಅಷ್ಟೇ. ಹೆಸರಿನ ಹೊಣೆ ನಿಮ್ಮದು.

ಹಾಗಾಗಿ ಬ್ಲಾಸ್ಟ್‌ನಲ್ಲಿ ಟೈಪ್ ಮೆಟೀರಿಯಲ್‌ನ ಸೀಕ್ವೆನ್ಸ್‌ಗಳಿಗೆ ಮಾತ್ರ ಹುಡುಕುವ ಆಯ್ಕೆ ಇದೆ, ಅದನ್ನು ಒತ್ತಿ ಇನ್ನೊಮ್ಮೆ ಹುಡುಕಿ. ಅಂದರೆ ಆ ಪ್ರಭೇದಕ್ಕೆ ಹೆಸರಿಟ್ಟಾಗ ಆಧಾರವಾಗಿ ಇಟ್ಟ ಮಾದರಿಯ ಜೊತೆಗೇ ಹೋಲಿಕೆ. ಹೊಂದಿಕೆಯ ಶೇಕಡಾವಾರು ನೋಡುವಾಗ ಎಷ್ಟು ಉದ್ದ ಹೊಂದಿದೆ ಅನ್ನೋದನ್ನೂ ನೋಡಿ, 200 ಬೇಸ್‌ನಲ್ಲಿ ಶೇ. 100 ಬಂದರೆ ಅದರಿಂದ ಪ್ರಭೇದ ಹೇಳೋಕೆ ಹೋಗಬೇಡಿ. ಐಟಿಎಸ್ ಸೀಕ್ವೆನ್ಸ್ ಇಡುವ ಯುನೈಟ್ ಭಂಡಾರದಲ್ಲೂ ಒಮ್ಮೆ ಹುಡುಕಿ. ಶೇ. 97 ಹೊಂದಿದರೆ ಒಂದೇ ಪ್ರಭೇದ ಅನ್ನೋ ಗಡಿ ಅಂತ ಸುಮ್ನೆ ಎಲ್ಲ ಕಡೆ ಬಳಸುತ್ತಾರೆ, ಎಲ್ಲ ಕುಲಗಳಿಗೂ ಹೊಂದುವ ಒಂದೇ ಗಡಿ ಅಂತ ಇಲ್ಲ.

ಕುಲ ಗೊತ್ತಾದ ಮೇಲೆ ಆ ಕುಲಕ್ಕೆ ತಕ್ಕ ಇನ್ನೊಂದೆರಡು ಜೀನ್ ಓದಿಸಿ. ಕೊಲೆಟೊಟ್ರೈಕಮ್‌ಗೆ ಜಿಎಪಿಡಿಎಚ್, ಬೀಟಾ ಟ್ಯೂಬುಲಿನ್, ಗ್ಲಿಯೋಸ್ಪೊರಿಯಾಯ್ಡಿಸ್ ಗುಂಪಿಗೆ ಎಪಿಮ್ಯಾಟ್ ಇದ್ದರೆ ಇನ್ನೂ ಒಳ್ಳೆಯದು. ಫ್ಯುಸೇರಿಯಮ್ ಆದರೆ ಟಿಇಎಫ್1 ಬೇಕೇ ಬೇಕು, ಅದರ ಕೆಲವು ಪ್ರಭೇದಗಳಲ್ಲಿ ಐಟಿಎಸ್2ರ (ಐಟಿಎಸ್‌ನಲ್ಲಿ 5.8ಎಸ್ ಆಚೆಗಿನ ಭಾಗ) ಎರಡು ಬೇರೆ ಬಗೆಗಳು ಒಂದೇ ಜೀವಿಯಲ್ಲಿ ಇರುವುದರಿಂದ ಐಟಿಎಸ್ ದಾರಿ ತಪ್ಪಿಸುತ್ತದೆ. ಡಯಾಪೋರ್ತೆಗೂ ಟಿಇಎಫ್1 ಮತ್ತು ಬೀಟಾ ಟ್ಯೂಬುಲಿನ್. ಡಯಾಪೋರ್ತೆಯನ್ನೇ ಹಳೆಯ ಲೇಖನಗಳಲ್ಲಿ ಫೋಮಾಪ್ಸಿಸ್ ಅಂತ ಓದಿರುತ್ತೀರಿ. 2011ರ ನಂತರ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಅನ್ನೋ ನಿಯಮ ಬಂತು.

ಆಮೇಲೆ ವಂಶವೃಕ್ಷ. ಟೈಪ್ ಸೀಕ್ವೆನ್ಸ್‌ಗಳನ್ನು ಜೊತೆಗಿಟ್ಟು, ಸೀಕ್ವೆನ್ಸ್ ಸಾಲುಗಳನ್ನು ಹೊಂದಿಸುವ ಸಾಫ್ಟ್‌ವೇರ್ ಮಾಫ್ಟ್‌ನಲ್ಲಿ ಜೋಡಿಸಿ, ಜೋಡಣೆಯನ್ನು ಕಣ್ಣಿಂದ ಪರೀಕ್ಷಿಸಿ, ಮೆಗಾ ಅಥವಾ ಐಕ್ಯೂ-ಟ್ರೀಯಲ್ಲಿ ಮರ ಕಟ್ಟಿ. ಗುಂಪಿನ ಹೊರಗಿನ ಒಂದು ಪ್ರಭೇದವನ್ನು ಮರದ ಬೇರಿನ (ರೂಟ್) ಜಾಗದಲ್ಲಿ ಇಡಿ. ಪ್ರತಿ ಜೀನಿಗೂ ಬೇರೆ ಮರ ಮಾಡಿ, ಅವು ಒಂದಕ್ಕೊಂದು ಒಪ್ಪಿದರೆ ಮಾತ್ರ ಸೇರಿಸಿ. ನಿಮ್ಮ ಮಾದರಿ ಒಂದು ಪ್ರಭೇದದ ಟೈಪ್ ಜೊತೆ ಒಂದೇ ಕವಲಿನಲ್ಲಿ, ಒಳ್ಳೆಯ ಬೂಟ್‌ಸ್ಟ್ರಾಪ್ ಬೆಂಬಲದೊಂದಿಗೆ (ಕವಲು ಎಷ್ಟು ಗಟ್ಟಿ ಅಂತ ಹೇಳುವ ಅಂಕ) ಕೂತರೆ ಆ ಹೆಸರು ಬರೆಯಿರಿ. ಕೂರಲಿಲ್ಲವೇ, ಕುಲದವರೆಗೆ ಅಥವಾ ಗುಂಪಿನವರೆಗೆ ಬರೆದು ನಿಲ್ಲಿಸಿ. ಕೊಲೆಟೊಟ್ರೈಕಮ್ ಗ್ಲಿಯೋಸ್ಪೊರಿಯಾಯ್ಡಿಸ್ ಗುಂಪು ಅಂತ ಬರೆಯುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸುಳ್ಳು ಹೆಸರಿನ ಸೀಕ್ವೆನ್ಸ್ ಒಂದನ್ನು ಭಂಡಾರಕ್ಕೆ ಸೇರಿಸಿದರೆ ಮುಂದೆ ಹುಡುಕುವವರೆಲ್ಲ ಅದೇ ತಪ್ಪನ್ನು ನಕಲು ಮಾಡುತ್ತಾರೆ, ಅದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಮಾದರಿ ಕಾಡಿನಿಂದ ತರುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಹೊರದೇಶಕ್ಕೆ ಕಳಿಸುವುದಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳನ್ನು ಓದಿಕೊಳ್ಳಿ. ಸೀಕ್ವೆನ್ಸ್ ಅನ್ನು ಜೆನ್‌ಬ್ಯಾಂಕಿಗೆ ಸೇರಿಸುವಾಗ ಗಿಡದ ಹೆಸರು, ಊರು, ಯಾವ ಭಾಗದಿಂದ ತೆಗೆದದ್ದು ಅನ್ನೋದನ್ನೂ ಹಾಕಿ. ಕಲ್ಚರ್ ಅನ್ನು ಪುಣೆಯ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೋ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹವಾದ ಎಂಟಿಸಿಸಿಗೋ ಕೊಟ್ಟು ಸಂಖ್ಯೆ ಪಡೆದುಕೊಳ್ಳಿ. ನಿಮ್ಮ ಲ್ಯಾಬಿನಲ್ಲೂ ಒಂದು ಪ್ರತಿ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇರಲಿ, ಟ್ಯೂಬಿನ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಜೆನ್‌ಬ್ಯಾಂಕ್‌ಗೆ ಕೊಟ್ಟ ಅದೇ ಕಲ್ಚರ್ ಸಂಖ್ಯೆ ಬರೆದಿಡಿ.